ನಿದ್ದೆ ಆಯ್ತಾ ಎಂದು ಕೇಳುವ ಕಾರ್ಖಾನೆ

ಪೀಣ್ಯ

ಜಪಾನಿಗೆ ಹೋಗಿಬಂದವರೆಲ್ಲ ಚೆರ್ರಿ ಹೂವು, ಬುಲೆಟ್ ರೈಲು, ಬಿಸಿನೀರಿನ ಬುಗ್ಗೆ ಎನ್ನುತ್ತಾರೆ. ನಾನು ಈ ಮೂರನ್ನೂ ನೋಡಲಿಲ್ಲ. ಹೂವಿನ ಕಾಲ ಮುಗಿದಿತ್ತು, ಬುಲೆಟ್ ರೈಲು ಹತ್ತುವ ಕೆಲಸ ಬೀಳಲಿಲ್ಲ, ಬಿಸಿನೀರು ಹೋಟೆಲಿನ ನಲ್ಲಿಯಲ್ಲೇ ಬರುತ್ತಿತ್ತು. ಒಸಾಕಾದ ಪಕ್ಕದ ಒಂದು ಊರಿನಲ್ಲಿ, ನಮ್ಮ ಪೀಣ್ಯದಂತೆಯೇ ಎಣ್ಣೆ ವಾಸನೆ ಹೊಡೆಯುವ ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ ಹನ್ನೆರಡು ದಿನ ಇದ್ದೆ. ಅದರಲ್ಲೂ ಎರಡು ದಿನ ಕಿಟಕಿ ಪರದೆ ಎಳೆದುಕೊಂಡು ಮಲಗಿದ್ದೆ. ಆದರೂ ಈ ಪ್ರವಾಸವನ್ನು ಬರೆಯದೆ ಇರಲಾಗುತ್ತಿಲ್ಲ.

ನಾನು ಕೆಲಸ ಮಾಡುವ ಕಡೆ ವಾಲ್ವ್‌ಗಳ ಬಿಡಿಭಾಗಗಳು ತಯಾರಾಗುತ್ತವೆ. ಲೋಹ ಕಡೆಯುವ ಲೇತಿನಿಂದ ಇಳಿದ ಪ್ರತಿ ಪೀಸನ್ನೂ ಅಳೆದು, ಸರಿಯಿದ್ದರೆ ಸಹಿ ಹಾಕಿ ಮುಂದೆ ಕಳಿಸುವುದು ನನ್ನ ಕೆಲಸ. ಜಪಾನಿನ ಒಬ್ಬ ಹೊಸ ಗಿರಾಕಿ, ತಮ್ಮಲ್ಲಿ ಹೇಗೆ ಪರೀಕ್ಷೆ ಮಾಡುತ್ತಾರೋ ಹಾಗೆಯೇ ನೀವೂ ಮಾಡಬೇಕು, ಇಬ್ಬರನ್ನು ಕಳಿಸಿ, ಕಲಿಸುತ್ತೇವೆ ಎಂದ. ಓನರ್ ನಮ್ಮ ಸೂಪರ್‌ವೈಸರ್ ರಂಗಸ್ವಾಮಿಯವರನ್ನೂ ನನ್ನನ್ನೂ ಆರಿಸಿದರು.

ನನಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದೆ. ಕೆಲವು ಕಾಲ ಮನಸ್ಸು ಹಿಡಿತ ಮೀರಿ ಏರುತ್ತದೆ, ಕೆಲವು ಕಾಲ ಹಾಸಿಗೆಯಿಂದ ಏಳಲಾಗದಷ್ಟು ಇಳಿಯುತ್ತದೆ. ಮಾತ್ರೆ ಮತ್ತು ನಿದ್ದೆ ಎರಡೂ ಸರಿಯಿದ್ದರೆ ನಾನು ಯಾರಿಗೂ ಕಮ್ಮಿಯಿಲ್ಲದ ಕೆಲಸಗಾರ್ತಿ. ಇದನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಬರೆಯುತ್ತಿರಲಿಲ್ಲ. ಹಿಂದೊಮ್ಮೆ ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯ ಸಂದರ್ಶನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಅವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು, "ಫೋನ್ ಮಾಡ್ತೀವಿ ಮೇಡಂ" ಎಂದರು. ಆ ಫೋನು ಇವತ್ತಿಗೂ ಬಂದಿಲ್ಲ. ಮುಂದಿನ ಸಲ ಬುದ್ಧಿ ಕಲಿತು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಡೆ ಬಾಯಿ ಮುಚ್ಚಿಕೊಂಡು ಸೇರಿದೆ. ಮೂರು ವಾರ ಸತತವಾಗಿ ರಾತ್ರಿ ಪಾಳಿ ಹಾಕಿದರು. ಬೇಡವೆನ್ನಲು ಕಾರಣ ಹೇಳಬೇಕಿತ್ತು, ಕಾರಣ ಹೇಳುವ ಹಾಗಿರಲಿಲ್ಲ. ನಾಲ್ಕನೇ ವಾರ ಆಸ್ಪತ್ರೆ ಸೇರಿದೆ, ಐದನೇ ವಾರ ಕೆಲಸ ಹೋಯಿತು.

ಪೀಣ್ಯದ ಈ ಕೆಲಸ ಸಿಕ್ಕಿದ್ದು ಶೈಲಾ ಮೇಡಂ ಅವರಿಂದ. ನನ್ನಂಥವರಿಗೆ ಕೆಲಸ ಹುಡುಕಿಕೊಟ್ಟು, ಸಿಕ್ಕ ಮೇಲೂ ಬೆನ್ನ ಹಿಂದೆ ನಿಲ್ಲುವುದೇ ಅವರ ಉದ್ಯೋಗ. "ಯಾರಿಗೆ ಹೇಳ್ಬೇಕು, ಎಷ್ಟು ಹೇಳ್ಬೇಕು, ಯಾವಾಗ ಹೇಳ್ಬೇಕು, ಮೂರೂ ನಿಮ್ಮಿಷ್ಟ ವಿಮಲಾ. ಕಾಯಿಲೆ ಕಥೆ ಪೂರ್ತಿ ಹೇಳ್ಬೇಕಾಗಿಲ್ಲ, ಕೆಲಸಕ್ಕೆ ಬೇಕಾದಷ್ಟು ಹೇಳಿದ್ರೆ ಸಾಕು" ಎಂದಿದ್ದರು. ಇಬ್ಬರೂ ಕೂತು ಮೂರು ಮಾತು ಬರೆದುಕೊಂಡೆವು: ನನಗೇನಿದೆ, ಅದರಿಂದ ಏನಾಗುತ್ತದೆ, ನನಗೇನು ಬೇಕು. ಓನರ್ ಎದುರು ನಾನೇ ಓದಿದೆ. ಅವರು ಕನ್ನಡಕ ಒರೆಸಿಕೊಂಡು, "ನೈಟ್ ಶಿಫ್ಟ್ ಬೇಡ, ತಿಂಗಳಿಗೊಂದು ದಿನ ಆಸ್ಪತ್ರೆ ರಜ. ಇಷ್ಟೇ ತಾನೆ? ಆಯ್ತು. ಆದ್ರೆ ಫ್ಲೋರಲ್ಲಿ ಯಾರಿಗೂ ಹೇಳೋದು ಬೇಡ, ಸುಮ್ನೆ ಮಾತಾಗುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಬದುಕಿದೆ ಎಂದುಕೊಂಡೆ.

ಹೀಗೆ ಆರು ವರ್ಷ ಕಳೆಯಿತು. ಮಾತ್ರೆ ಯಾಕೆ ಎಂದು ಮಷಿನ್ನುಗಳಿರುವ ಫ್ಲೋರಿನಲ್ಲಿ ಯಾರಾದರೂ ಕೇಳಿದರೆ ಥೈರಾಯ್ಡ್ ಎನ್ನುತ್ತಿದ್ದೆ. ಬೆಂಗಳೂರಿನಲ್ಲಿ ಥೈರಾಯ್ಡ್ ಇಲ್ಲದ ಹೆಂಗಸನ್ನು ಹುಡುಕುವುದೇ ಕಷ್ಟವಾದ್ದರಿಂದ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಓನರ್‌ಗೆ ಗೊತ್ತಿದ್ದರೂ, ಫ್ಲೋರಿನವರಿಗೆ ನಿಜ ಗೊತ್ತಾದ ದಿನ ಈ ಕೆಲಸವೂ ಹೋಗುತ್ತದೆ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ಈಗ ರಂಗಸ್ವಾಮಿಯವರ ಪಕ್ಕದಲ್ಲೇ ಹನ್ನೆರಡು ದಿನ ಇರಬೇಕಿತ್ತು.

ಬ್ಯಾಂಕಾಕ್

ರಂಗಸ್ವಾಮಿಯವರು ಬಾಗಲಗುಂಟೆಯ ಮೂಲದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ರೂಮುಗಳಿವೆ. ಬಾಗಲಕೋಟೆ, ಕೊಪ್ಪಳದ ಕಡೆಯ ಹುಡುಗರು ಅಲ್ಲಿ ತುಂಬಿದ್ದಾರೆ. ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಬಹುದಾದ ಮನುಷ್ಯ, ಕೂರಲು ಬರುವುದಿಲ್ಲ ಎಂದು ಕೆಲಸಕ್ಕೆ ಬರುತ್ತಾರೆ. ಮೊದಲ ವಿಮಾನ ಪ್ರಯಾಣ. ಬೆಲ್ಟು ಬಿಗಿದವರು ಬ್ಯಾಂಕಾಕ್ ಬರುವವರೆಗೂ ಬಿಚ್ಚಲಿಲ್ಲ.

ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸಬೇಕಿತ್ತು. ಸಂಜೆ. ಅವರ ಮನೆಯಿಂದ ತಂದಿದ್ದ ಚಪಾತಿ, ಚಟ್ನಿಪುಡಿ ಹಂಚಿಕೊಂಡು ತಿಂದೆವು. ಊಟ ಆದಮೇಲೆ ತೆಗೆದುಕೊಳ್ಳುವ ಮಾತ್ರೆಗಳನ್ನು ಅಂಗೈಗೆ ಹಾಕಿಕೊಂಡು ನೀರಿನ ಬಾಟಲಿ ತೆರೆದೆ.

"ಏನಮ್ಮ ಅದು?"

"ಥೈರಾಯ್ಡ್ ಮಾತ್ರೆ ಸಾರ್."

"ಅಯ್ಯೋ, ಈಗ ತಗಂತಾರೇನಮ್ಮ! ನಮ್ಮನೇಲಿ ಬೆಳಿಗ್ಗೆ ಎದ್ದೇಟ್ಗೆ ಖಾಲಿ ಒಟ್ಟೇಲಿ ನುಂಗ್ತಾಳೆ. ಉಂಡ್ಮೇಲೆ ತಗಂಡ್ರೆ ಕೆಲ್ಸಾನೇ ಮಾಡಕಿಲ್ವಂತೆ. ಡಾಕ್ಟ್ರು ಅಂಗೇ ಬೈದವ್ರೆ ಅವ್ಳಿಗೆ. ಎತ್ತಿಡಿ, ಎತ್ತಿಡಿ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಥೈರಾಯ್ಡ್ ಇದ್ದವರು ಹಾಗೆಯೇ ತೆಗೆದುಕೊಳ್ಳುವುದು. ನನ್ನ ಸುಳ್ಳಿಗೆ ಇಷ್ಟು ಕಾಳಜಿಯ ಮನುಷ್ಯ ಗಂಟು ಬೀಳುತ್ತಾನೆಂದು ನಾನು ಎಣಿಸಿರಲಿಲ್ಲ. ವಾದ ಮಾಡಿದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ ಎಂದು ಹೆದರಿ ಮಾತ್ರೆಗಳನ್ನು ವಾಪಸು ಡಬ್ಬಿಗೆ ಹಾಕಿದೆ, ವಿಮಾನದಲ್ಲಿ ತೆಗೆದುಕೊಂಡರಾಯಿತು ಎಂದುಕೊಂಡೆ. ವಿಮಾನದಲ್ಲಿ ಅವರು ನನ್ನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಎಚ್ಚರವಾಗಿಯೇ ಕೂತಿದ್ದರು. ಆ ದಿನದ ಮಾತ್ರೆ ಹೊಟ್ಟೆಗೆ ಹೋಗಲೇ ಇಲ್ಲ.

ಒಸಾಕಾ ವಿಮಾನ ನಿಲ್ದಾಣ

ಅಲ್ಲಿ ರಂಗಸ್ವಾಮಿಯವರ ಬ್ಯಾಗಿನ ಮುಂದೆ ಒಂದು ಪುಟ್ಟ ನಾಯಿ ಬಂದು ಶಿಸ್ತಾಗಿ ಕೂತಿತು. ಇವರು ಅದಕ್ಕೆ ಬಿಸ್ಕತ್ತು ಹುಡುಕತೊಡಗಿದರು. ಅದು ಕೂತದ್ದು ಬ್ಯಾಗಿನೊಳಗಿನ ಕರಿಬೇವಿನ ವಾಸನೆ ಹಿಡಿದು. ಹಸಿ ಸೊಪ್ಪು, ಹಣ್ಣು ಆ ದೇಶದೊಳಗೆ ತರುವಂತಿಲ್ಲ. ಹೆಂಡತಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ ಕಟ್ಟನ್ನು ಅಧಿಕಾರಿ ಕೈಗವಸು ಹಾಕಿಕೊಂಡು ಎತ್ತಿ, ತುಂಬ ವಿನಯದಿಂದ ಬಾಗಿ ನಮಸ್ಕರಿಸಿ ತೆಗೆದುಕೊಂಡು ಹೋದರು. "ಇಷ್ಟು ಮರ್ಯಾದೆಯಾಗಿ ನಮ್ ಕರಿಬೇವು ಯಾರೂ ಕಸಕ್ಕಾಕಿರ್ಲಿಲ್ಲ ಬಿಡಿ" ಎಂದರು ರಂಗಸ್ವಾಮಿ.

ಜೊತೆಯವಳೆಂದು ನನ್ನ ಬ್ಯಾಗನ್ನೂ ತೆರೆಸಿದರು. ಮಾತ್ರೆ ಡಬ್ಬಿ ನೋಡಿ ಏನಿದು ಎಂದರು. ಕಾಯಿಲೆಯ ಹೆಸರು ಬರೆದಿದ್ದ ಡಾಕ್ಟರ ಪತ್ರ ತೆಗೆದುಕೊಟ್ಟೆ. ತಪಾಸಣೆಗೆ ನಿಂತಿದ್ದ ಹುಡುಗಿ ಅದನ್ನು ಓದಿ, ಹೌದು ಎಂಬಂತೆ ತಲೆಯಾಡಿಸಿ, ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಬೆವೆತಿದ್ದೆ. ರಂಗಸ್ವಾಮಿಯವರು ಪಕ್ಕದ ಮೇಜಿನಲ್ಲಿ ಕರಿಬೇವಿನ ಫಾರಂ ತುಂಬುತ್ತಿದ್ದರಿಂದ ನೋಡಲಿಲ್ಲ.

ಮೊದಲ ಬೆಳಿಗ್ಗೆ

ಕಾರ್ಖಾನೆಯಲ್ಲಿ ನಮಗೆ ಮಾತು ದಾಟಿಸಲು ಮಿನಾಮಿ ಸಾನ್ ಎಂಬ ಅರವತ್ತು ದಾಟಿದ ಹೆಂಗಸು ಬಂದಿದ್ದರು. ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅವರು ಎಂದು ಸೇರಿಸಿದಂತೆ. ಗಂಡನ ಕೆಲಸದ ನಿಮಿತ್ತ ಏಳು ವರ್ಷ ವೈಟ್‌ಫೀಲ್ಡಿನಲ್ಲಿದ್ದವರು. ಕನ್ನಡ ಕಲಿತದ್ದು ತರಕಾರಿ ಗಾಡಿಯವರಿಂದ ಮತ್ತು ಮನೆಕೆಲಸಕ್ಕೆ ಬರುತ್ತಿದ್ದ ಅಕ್ಕನಿಂದ. "ಅಣ್ಣ, ಅಕ್ಕ, ಬನ್ನಿ ಬನ್ನಿ. ಟ್ರಾಫಿಕ್ ಜಾಸ್ತಿ ಇತ್ತಾ?" ಎಂದರು. ರಂಗಸ್ವಾಮಿಯವರು ಬಿಟ್ಟ ಬಾಯಿ ಮುಚ್ಚಲಿಲ್ಲ.

ಎಂಟು ಗಂಟೆಗೆ ಎಲ್ಲರೂ ಸಾಲಾಗಿ ನಿಂತು ಕೈಕಾಲು ಆಡಿಸುವ ವ್ಯಾಯಾಮ ಮಾಡಿದರು. ಆಮೇಲೆ ಗೋಡೆಯ ಮೇಲಿನ ಒಂದು ದೊಡ್ಡ ಹಲಗೆಯ ಮುಂದೆ ಬಂದರು. ಹಲಗೆಯಲ್ಲಿ ಪ್ರತಿಯೊಬ್ಬರ ಹೆಸರು. ಮೇಸ್ತ್ರಿ ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಿ, ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು ಅಯಸ್ಕಾಂತದ ಬಿಲ್ಲೆ ಅಂಟಿಸಬೇಕು. ನಮ್ಮ ಸರದಿ ಬಂದಾಗ ಮಿನಾಮಿ ಸಾನ್ ಕನ್ನಡದಲ್ಲಿ ಕೇಳಿದರು.

"ನಿದ್ದೆ ಆಯ್ತಾ? ತಿಂಡಿ ಆಯ್ತಾ? ಮೈ ಸರಿ ಇದೆಯಾ?"

ಈ ಪ್ರಶ್ನೆಗಳನ್ನು ನಾವು ಹುಟ್ಟಿದಾಗಿನಿಂದ ಕೇಳಿಸಿಕೊಂಡವರು. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಹತ್ತು ಹೆಜ್ಜೆ ಇಟ್ಟರೆ ಐದು ಜನ ಊಟ ಆಯ್ತಾ ಎನ್ನುತ್ತಾರೆ. ಹೊಟ್ಟೆ ಹಸಿದು ತಾಳ ಹಾಕುತ್ತಿದ್ದರೂ ನಾವು ಹೇಳುವ ಉತ್ತರ ಒಂದೇ. "ಆಯ್ತು, ನಿಮ್ದು?" ಇಬ್ಬರೂ ಹಾಗೆಯೇ ಹೇಳಿ ಹಸಿರು ಬಿಲ್ಲೆ ಅಂಟಿಸಿದೆವು. ಹಿಂದಿನ ಎರಡು ರಾತ್ರಿಯಲ್ಲಿ ನಾನು ಮಲಗಿದ್ದು ಎಲ್ಲ ಸೇರಿ ಮೂರು ಗಂಟೆ. ಅದರಲ್ಲಿ ಒಂದು ರಾತ್ರಿ ಮಾತ್ರೆಯೂ ಇಲ್ಲ.

ಅಲ್ಲಿ ಅದು ಕುಶಲ ವಿಚಾರಿಸುವ ಮಾತಲ್ಲ ಎಂದು ತಿಳಿದದ್ದು ಆಮೇಲೆ. ಹಳದಿ ಇಟ್ಟವರಿಗೆ ಆ ದಿನ ಅಂತಿಮ ಸಹಿ ಹಾಕುವ ಕೆಲಸವಾಗಲಿ, ದೊಡ್ಡ ಪ್ರೆಸ್ ಮಷಿನ್ನಾಗಲಿ ಕೊಡುವುದಿಲ್ಲ. ಕೆಂಪು ಇಟ್ಟವರು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಜ್ವರ ಬಂದರೂ ಮಾತ್ರೆ ನುಂಗಿ ಬರುವವನನ್ನು ಒಳ್ಳೆಯ ಕೆಲಸಗಾರ ಎನ್ನುತ್ತೇವೆ.

ಒಕಾಡಾ ಸಾನ್ ಅವರ ಬೆಂಚು

ನನಗೆ ಕಲಿಸುತ್ತಿದ್ದವರು ಒಕಾಡಾ ಸಾನ್. ಐವತ್ತರ ಆಸುಪಾಸಿನ, ತೆಳ್ಳಗಿನ, ಅಳತೆಯ ಗೇಜನ್ನು ಹಕ್ಕಿಮರಿಯಂತೆ ಹಿಡಿಯುವ ಮನುಷ್ಯ. ಅಳೆದ ಮೇಲೆ ಪ್ರತಿ ಸಲವೂ ಬೆರಳು ತೋರಿಸಿ, ಒಬ್ಬರೇ ಇದ್ದರೂ ಗಟ್ಟಿಯಾಗಿ "ಸರಿ ಇದೆ" ಎಂದು ಅವರ ಭಾಷೆಯಲ್ಲಿ ಕೂಗುತ್ತಾರೆ. ಕೈ, ಕಣ್ಣು, ಬಾಯಿ ಮೂರೂ ಸೇರಿದರೆ ತಪ್ಪು ಕಡಿಮೆಯಾಗುತ್ತದಂತೆ. ನಾನೂ ಕೂಗಿದೆ. ಪೀಣ್ಯದಲ್ಲಿ ಹೀಗೆ ಕೂಗಿದರೆ ಯಾರನ್ನು ಕರೆಯುತ್ತಿದ್ದೀಯ ಎಂದು ನಾಲ್ಕು ಜನ ಓಡಿ ಬರುತ್ತಾರೆ.

ಎರಡನೇ ದಿನವೂ ಅವರ ಹೆಸರಿನ ಮುಂದೆ ಹಳದಿ ಬಿಲ್ಲೆಯೇ ಇತ್ತು. ಮೂರು ಗಂಟೆಗೆ ಮನೆಗೆ ಹೊರಟರು. ಯಾಕೆ ಎಂದು ಮಿನಾಮಿ ಸಾನ್ ಅವರನ್ನು ಕೇಳಿದೆ. "ನಾನ್ ಹೇಳಲ್ಲ ಅಕ್ಕ, ಅವರನ್ನೇ ಕೇಳಿ" ಎಂದು ಕರೆದುಕೊಂಡು ಹೋದರು.

ಒಕಾಡಾ ಸಾನ್ ಡಬ್ಬಿ ಕಾಫಿ ಕುಡಿಯುತ್ತ, ಹವಾಮಾನ ಹೇಳುವಂತೆ ಹೇಳಿದರು. ಅವರಿಗೆ ಮನಸ್ಸು ಕುಸಿಯುವ ಕಾಯಿಲೆ. ಹಿಂದಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮುಚ್ಚಿಟ್ಟಿದ್ದರು. ಆಮೇಲೆ ಒಂದು ವರ್ಷ ಮನೆಯಿಂದ ಹೊರಗೆ ಬರಲಿಲ್ಲ. ಇಲ್ಲಿಗೆ ಸೇರುವಾಗ ಹೇಳಿಯೇ ಸೇರಿದರು, ಅವರ ಜೊತೆಯೂ ಶೈಲಾ ಮೇಡಂ ಥರದ ಒಬ್ಬರು ಬಂದಿದ್ದರಂತೆ.

"ಹೇಳಿದ ಮೇಲೆ ಎಲ್ಲ ಸರಿಹೋಯಿತಾ?" ಎಂದೆ.

ಅವರು ನಕ್ಕರು. ಮಿನಾಮಿ ಸಾನ್ ನಿಧಾನವಾಗಿ ಕನ್ನಡಕ್ಕೆ ತಂದರು. "ಒಂದ್ ಸಲ ಹೇಳಿದ್ರೆ ಮುಗಿಯಲ್ಲ ಅಂತಾರೆ. ಹೊಸ ಮೇಸ್ತ್ರಿ ಬಂದ್ರೆ ಮತ್ತೆ ಹೇಳ್ಬೇಕು. ಪ್ರತಿ ಸಲ ಹೊಟ್ಟೆ ನೋವು ಬರುತ್ತೆ. ಇಲ್ಲಿ ಎಲ್ಲರಿಗೂ ಗೊತ್ತು, ಓಕೆ. ಆದ್ರೆ ತಮ್ಮನ ಮದುವೆಗೆ ಮನೆಯವರು ಕರೀಲಿಲ್ಲ."

ನನ್ನದನ್ನೂ ಹೇಳಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ರಂಗಸ್ವಾಮಿಯವರು "ಏನಂತೆ?" ಎಂದು ಬಂದರು. ಏನಿಲ್ಲ ಸಾರ್ ಎಂದೆ.

ಅಂಗಡಿ ಬೀದಿ

ಆ ಸಂಜೆ ನನಗೆ ಎಲ್ಲವೂ ಚೆಂದ ಕಾಣತೊಡಗಿತು. ಬೀದಿಯ ದೀಪಗಳು ನನಗಾಗಿಯೇ ಹತ್ತಿದಂತೆ. ನಡೆಯುತ್ತಿದ್ದವಳು ಮಾತಾಡುತ್ತಲೇ ಇದ್ದೆ, ರಂಗಸ್ವಾಮಿಯವರು ಹೂಂ ಹೂಂ ಎನ್ನುತ್ತ ಹಿಂದೆ ಬಿದ್ದಿದ್ದರು. ಒಂದು ಅಂಗಡಿಗೆ ನುಗ್ಗಿ ತರಕಾರಿ ಸಿಪ್ಪೆ ಹೆರೆಯುವ ಪೀಲರ್ ತೆಗೆದುಕೊಂಡೆ. ಫ್ಲೋರಿನ ಹೆಂಗಸರಿಗೆಲ್ಲ ಒಂದೊಂದು ಎಂದುಕೊಂಡೆ. ಆಮೇಲೆ ಗಂಡಸರು ಯಾಕೆ ಬೇಡ ಎನ್ನಿಸಿತು. ಬಿಲ್ಲು ಹಾಕುವ ಹೊತ್ತಿಗೆ ಬುಟ್ಟಿಯಲ್ಲಿ ಮೂವತ್ತಾರು ಪೀಲರ್ ಇದ್ದವು.

"ಏನ್ ವಿಮ್ಲಮ್ಮ, ಮದ್ವೆ ಮನೆ ಅಡ್ಗೆ ಕಂಟ್ರಾಕ್ಟ್ ಇಡಿದ್ರಾ?" ಎಂದು ಅವರು ನಕ್ಕರು. ನಾನೂ ಬಹಳ ಹೊತ್ತು ನಕ್ಕೆ. ಹೋಟೆಲಿನ ಕೋಣೆಗೆ ಬಂದು ಹಾಸಿಗೆಯ ಮೇಲೆ ಆ ಮೂವತ್ತಾರನ್ನೂ ಸಾಲಾಗಿ ಜೋಡಿಸಿದ ಮೇಲೆ ನಗು ನಿಂತಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಗ, ಆಸ್ಪತ್ರೆ ಸೇರುವ ಹಿಂದಿನ ವಾರ, ಇದೇ ಥರ ಹದಿನೆಂಟು ಛತ್ರಿ ತಂದಿದ್ದೆ. ಇದು ಶುರುವಾಗುವುದೇ ಹೀಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರದೇಶದಲ್ಲಿ, ಭಾಷೆ ಬಾರದ ಊರಿನಲ್ಲಿ ಇದು ಪೂರ್ತಿ ಏರಿದರೆ ನನ್ನ ಗತಿಯೇನು ಎಂದು ಹೆದರಿದೆ.

ಮೂರನೇ ಬೆಳಿಗ್ಗೆ

ಮಾತ್ರೆ ತೆಗೆದುಕೊಂಡಿದ್ದರೂ ನಿದ್ದೆ ಬಂದಿರಲಿಲ್ಲ. "ನಿದ್ದೆ ಆಯ್ತಾ?" ಎಂದು ಮಿನಾಮಿ ಸಾನ್ ಕೇಳಿದಾಗ, ಜೀವಮಾನದಲ್ಲಿ ಮೊದಲ ಸಲ ಆ ಥರದ ಪ್ರಶ್ನೆಗೆ ಇಲ್ಲ ಎಂದೆ. ಹಳದಿ ಬಿಲ್ಲೆ ಎತ್ತಿ ನನ್ನ ಹೆಸರಿನ ಮುಂದೆ ಅಂಟಿಸಿದೆ.

ರಂಗಸ್ವಾಮಿಯವರು ಬಿರಬಿರನೆ ಮುಂದೆ ಬಂದು ಅದನ್ನು ಕಿತ್ತು ಹಸಿರು ಅಂಟಿಸಿದರು. "ಮೂರನೇ ದಿನಕ್ಕೇ ಸುಸ್ತಾಯ್ತು ಅಂದ್ರೆ ಪೀಣ್ಯದೋರ ಮರ್ಯಾದೆ ಏನಾಗ್ಬೇಕಮ್ಮ? ಓನರ್‌ಗೆ ನಾನೇನು ಏಳ್ಲಿ?" ಎಂದು ಪಿಸುಗುಟ್ಟಿದರು.

ಅಲ್ಲಿ ಯಾವ ತಪ್ಪನ್ನಾದರೂ ಕ್ಷಮಿಸುತ್ತಾರೆ, ಆದರೆ ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮೇಸ್ತ್ರಿ ಏನೋ ಕೇಳಿದರು. ಮಿನಾಮಿ ಸಾನ್ ಮುಖ ಕೆಂಪಗೆ ಮಾಡಿಕೊಂಡು, "ಅಣ್ಣ, ಅವರ ಮೈ ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದಾರೆ" ಎಂದರು.

ನಾನು ಹಲಗೆಗೆ ಹೋಗಿ ಹಳದಿಯನ್ನೇ ಮತ್ತೆ ಅಂಟಿಸಿದೆ. ಆ ದಿನ ನನಗೆ ಸಹಿ ಹಾಕುವ ಕೆಲಸ ಕೊಡಲಿಲ್ಲ, ಪೀಸುಗಳನ್ನು ಕಾಗದದಲ್ಲಿ ಸುತ್ತುವ ಕೆಲಸ ಕೊಟ್ಟರು. ರಂಗಸ್ವಾಮಿಯವರು ಮಧ್ಯಾಹ್ನದವರೆಗೂ ನನ್ನ ಕಡೆ ನೋಡಲಿಲ್ಲ.

ಊಟದ ಹೊತ್ತಿಗೆ ಶೈಲಾ ಮೇಡಂಗೆ ಫೋನು ಮಾಡಿದೆ. ಅಲ್ಲಿ ಇನ್ನೂ ಬೆಳಿಗ್ಗೆ, ಹಿಂದೆ ಕುಕ್ಕರ್ ಕೂಗುತ್ತಿತ್ತು. ಪೀಲರ್ ವಿಷಯ ಹೇಳುತ್ತಿದ್ದಂತೆ ಅವರು ಸ್ಟವ್ ಆರಿಸಿದ ಸದ್ದು ಕೇಳಿಸಿತು. ಡಾಕ್ಟರ ಹತ್ತಿರ ಅವರೇ ಮಾತಾಡಿ ಹತ್ತು ನಿಮಿಷದಲ್ಲಿ ವಾಪಸು ಫೋನು ಮಾಡಿದರು. ರಾತ್ರಿಯ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು, ಎರಡು ದಿನ ಪೂರ್ತಿ ಹೇಗೆ ಮಲಗಬೇಕು, ಎಲ್ಲ ಬರೆಸಿದರು.

"ಅಲ್ಲಿ ನಿಮ್ಮ ಜೊತೆ ಇರೋ ಒಬ್ರಿಗಾದ್ರೂ ಇದು ಗೊತ್ತಿರ್ಬೇಕು ವಿಮಲಾ. ಯಾರಿಗೆ ಅಂತ ನಾನ್ ಹೇಳಲ್ಲ."

"ರಂಗಸ್ವಾಮಿ ಸಾರ್ ಒಬ್ರೇ ಇರೋದು ಮೇಡಂ. ಗೊತ್ತಾದ್ರೆ ವಾಪಸ್ ಹೋದ್ಮೇಲೆ ನನ್ನನ್ನ ಇಟ್ಕೋತಾರಾ?"

ಅವರು ಸುಳ್ಳು ಧೈರ್ಯ ಹೇಳಲಿಲ್ಲ. "ಗೊತ್ತಿಲ್ಲ. ಇಟ್ಕೊಳ್ಳದೆ ಇದ್ರೆ ನಾನು ಬಂದು ಜಗಳ ಆಡ್ತೀನಿ. ಮೊದಲು ನೀವು ನೆಟ್ಟಗೆ ವಾಪಸ್ ಬನ್ನಿ" ಎಂದರು.

ಹನ್ನೊಂದು ನಿಲ್ದಾಣ

ಸಂಜೆ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ. ಮೂರು ಮಾತಿನಲ್ಲೇ ಮುಗಿಸಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ.

"ಸಾರ್, ನನಗಿರೋದು ಥೈರಾಯ್ಡ್ ಅಲ್ಲ, ಬೈಪೋಲಾರ್ ಅಂತ ಮನಸ್ಸಿನ ಕಾಯಿಲೆ. ನಿದ್ದೆ ಕೆಟ್ರೆ ತಲೆ ವಿಪರೀತ ಓಡುತ್ತೆ, ಆಮೇಲೆ ನನ್ನ ಮಾತು ನಾನೇ ಕೇಳಲ್ಲ, ಈಗ ಅದು ಶುರುವಾಗಿದೆ. ನಾನು ಎರಡು ದಿನ ಮಲಗ್ಬೇಕು, ನನ್ನ ಪರ್ಸು ನೀವಿಟ್ಕೊಂಡು ಆಗಾಗ ಬಾಗಿಲು ತಟ್ಬೇಕು."

ಅವರು ಬಾಯಿ ತೆರೆಯುವಷ್ಟರಲ್ಲಿ ರೈಲು ಬಂತು. ಆ ದೇಶದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಮೆಟ್ರೋದಲ್ಲಿ ದಾಸರಹಳ್ಳಿ ಬರುವಷ್ಟರಲ್ಲಿ ಪಕ್ಕದವರ ಮನೆ ಜಗಳವೆಲ್ಲ ತಿಳಿದುಬಿಡುತ್ತದೆ, ಅಲ್ಲಿ ಇನ್ನೂರು ಜನ ತುಂಬಿದ್ದರೂ ಚಕ್ರದ ಸದ್ದು ಮಾತ್ರ. ರಂಗಸ್ವಾಮಿಯವರು "ಅಲ್ಲಾ..." ಎಂದದ್ದೇ ತಡ, ಎದುರಿನ ಅಜ್ಜಿ ತಲೆಯೆತ್ತಿ ನೋಡಿದರು. ಇವರು ಬಾಯಿ ಮುಚ್ಚಿದರು. ನಮ್ಮ ಹೋಟೆಲಿಗೆ ಹನ್ನೊಂದು ನಿಲ್ದಾಣ ಇತ್ತು.

ಮೂರನೇ ನಿಲ್ದಾಣದಲ್ಲಿ ಅವರು ನನ್ನ ಪಕ್ಕದಿಂದ ಎದ್ದು, ಬಾಗಿಲ ಬಳಿ ಹೋಗಿ ನನಗೆ ಬೆನ್ನು ಮಾಡಿ ನಿಂತರು. ನನಗೆ ಅಷ್ಟು ಸಾಕಾಯಿತು. ಬೊಮ್ಮಸಂದ್ರದ ಕಾಫಿ ನೆನಪಾಯಿತು. ಕೆಲಸ ಹೋದರೆ ಮನೆಯಲ್ಲಿ ಜೊತೆಗಿರುವ ನನ್ನ ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಉಳಿದ ನಿಲ್ದಾಣಗಳನ್ನು ಒಂದೊಂದಾಗಿ ಎಣಿಸಿದೆ.

ಇಳಿದು ಗೇಟು ದಾಟಿದ ಮೇಲೆ ಅವರು ನಿಂತರು.

"ಓನರ್‌ಗೆ ಗೊತ್ತಾ?"

"ಗೊತ್ತು ಸಾರ್. ಸೇರಿದ ದಿನದಿಂದ."

"ಮತ್ತೆ ನಂಗ್ಯಾಕೆ ಏಳ್ಲಿಲ್ಲ? ಆರು ವರ್ಸದಿಂದ ದಿನಾ ಮುಖ ನೋಡ್ತೀನಲ್ಲ."

"ಕೆಲಸ ಹೋಗುತ್ತೆ ಅಂತ ಭಯ."

"ನೈಟ್ ಶಿಫ್ಟ್ ಇಲ್ಲ, ತಿಂಗ್ಳಾ ತಿಂಗ್ಳಾ ರಜ. ನಾನು ನಿಮ್ಮನ್ನ ಓನರ್ ಕಡೆ ನೆಂಟ್ರು ಅಂದ್ಕಂಡಿದ್ದೆ. ಅಂದ್ಕಂಡಿದ್ದಷ್ಟೇ ಅಲ್ಲ ಕಣಮ್ಮ, ಫ್ಲೋರಿಗೆಲ್ಲ ನಾನೇ ಏಳ್ಬುಟ್ಟಿದೀನಿ. ಉಸಾರು, ಮೇಲಕ್ಕೆ ಸುದ್ದಿ ಒಯ್ತಾರೆ ಅಂತ. ರೈಲ್ನಾಗೆ ಅದು ಗ್ಯಾಪ್ಕ ಬಂತು, ನಿಮ್ ಮುಖ ನೋಡಕ್ಕಾಗ್ಲಿಲ್ಲ."

ನಾನು ಅಲ್ಲೇ ಗೋಡೆಗೆ ಒರಗಿದೆ. ಪಕ್ಕದ ಮೇಜಿನ ಮಂಜುಳಾ ಆರು ವರ್ಷದಲ್ಲಿ ಒಂದು ದಿನವೂ ಊಟಕ್ಕೆ ಕರೆದಿರಲಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕಾಯಿಲೆ ಹೇಗೋ ಗೊತ್ತಾಗಿಬಿಟ್ಟಿದೆ, ಅದಕ್ಕೇ ದೂರ ಇಟ್ಟಿದ್ದಾರೆ ಎಂದು ಕೊರಗಿದ್ದೆ. ಅವರು ಹೆದರಿದ್ದು ಕಾಯಿಲೆಗಲ್ಲ, ಇಲ್ಲದ ನೆಂಟಸ್ತಿಕೆಗೆ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ರಂಗಸ್ವಾಮಿಯವರು ಗಾಬರಿಯಾಗಿ, "ಇದು ಆ ಕಾಯ್ಲೇನಾ?" ಎಂದರು. "ಇಲ್ಲ ಸಾರ್, ಇದು ನಾನೇ" ಎಂದೆ.

ಪರದೆ ಎಳೆದ ಕೋಣೆ

ಎರಡು ದಿನ ನಾನು ಕಂಡ ಜಪಾನು ಒಂದು ಕಂದು ಪರದೆ. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ರಂಗಸ್ವಾಮಿಯವರು ಕಾರ್ಖಾನೆ ಸೈರನ್ನಿನಂತೆ ಕರಾರುವಾಕ್ಕಾಗಿ ಬಾಗಿಲು ತಟ್ಟುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. "ಇದೀರಾ?" ಎನ್ನುವರು, "ಇದೀನಿ" ಎಂದರೆ ಹೊರಡುವರು. ಮೊದಲ ದಿನ ಬಾಗಿಲಾಚೆಯಿಂದಲೇ, "ಬ್ಯಾಂಕಾಕ್ನಾಗೆ ನಾನು ಮಾತ್ರೆ ಎತ್ತಿಡಿ ಅಂದ್ನಲ್ಲ, ಅದ್ರಿಂದ ಆಯ್ತಾ?" ಎಂದು ಕೇಳಿದರು. ಸುಳ್ಳು ಹೇಳಿದ್ದು ನಾನು ಸಾರ್ ಎಂದೆ. ಅವರಿಗೆ ಅದು ಸಮಾಧಾನ ಕೊಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಮಿನಾಮಿ ಸಾನ್ ಅನ್ನದ ಗಂಜಿ ತಂದರು. ಮೇಲೊಂದು ಉಪ್ಪು ಹುಳಿಯ ಕೆಂಪು ಕಾಯಿ. ನಮ್ಮ ಗಂಜಿ ಉಪ್ಪಿನಕಾಯಿಯೇ ಊರು ಬಿಟ್ಟು ಬಂದು ಇಲ್ಲಿ ನೆಲೆಸಿದಂತಿತ್ತು. ಅವರು "ತಿಂದು ಮಲ್ಕೊಳ್ಳಿ ಅಕ್ಕ" ಎಂದಷ್ಟೇ ಹೇಳಿ ಪಾತ್ರೆ ತೊಳೆದುಕೊಂಡು ಹೋದರು. ಎರಡನೇ ದಿನ ಸಂಜೆ "ಇದೀನಿ" ಎಂದು ಹೇಳಿ ಮಲಗಿದವಳಿಗೆ ಎಚ್ಚರವಾದದ್ದು ಮರುದಿನ ಬೆಳಿಗ್ಗೆ ರಂಗಸ್ವಾಮಿಯವರು ಬಾಗಿಲು ತಟ್ಟಿದಾಗ. ತಲೆಯೊಳಗಿನ ಗದ್ದಲ ಇಳಿದಿತ್ತು, ಬೀದಿ ದೀಪ ಬರೀ ಬೀದಿ ದೀಪವಾಗಿತ್ತು.

ಕಾರ್ಖಾನೆಗೆ ಹೋಗಿ ಹಳದಿ ಅಂಟಿಸಿದೆ. ರಂಗಸ್ವಾಮಿಯವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತಮ್ಮ ಸರದಿ ಬಂದಾಗ, "ಮಂಡಿ ನೋವು, ನಿದ್ದೆ ಬರ್ಲಿಲ್ಲ" ಎಂದು ತಾವೂ ಹಳದಿ ಅಂಟಿಸಿದರು. ಅವರಿಗೆ ಮಂಡಿ ನೋವಿದೆ ಎಂದು ನನಗೂ ಅವತ್ತೇ ಗೊತ್ತಾದದ್ದು. ಒಕಾಡಾ ಸಾನ್ ಹತ್ತಿರ ನನ್ನ ಮೂರು ಮಾತು ಹೇಳಿಕೊಂಡೆ. ಅವರು ಮಷಿನ್ನಿನಿಂದ ಎರಡು ಡಬ್ಬಿ ಕಾಫಿ ತಂದು ಒಂದನ್ನು ನನ್ನ ಮುಂದಿಟ್ಟರು. ಉಳಿದ ದಿನಗಳಲ್ಲಿ ಕಲಿಯಬೇಕಾದ್ದನ್ನೆಲ್ಲ ಕಲಿತೆ.

ಮತ್ತೆ ಪೀಣ್ಯ

ವಾಪಸು ಬಂದ ಸೋಮವಾರ ರಂಗಸ್ವಾಮಿಯವರು ನನ್ನ ಒಪ್ಪಿಗೆ ಕೇಳಿ ಫ್ಲೋರಿನಲ್ಲಿ ಹೇಳಿದರು. "ವಿಮ್ಲಮ್ಮ ಓನರ್ ನೆಂಟ್ರಲ್ಲ. ಆರೋಗ್ಯದ ಕಾರಣಕ್ಕೆ ನೈಟ್ ಶಿಫ್ಟ್ ಇಲ್ಲ. ತಪ್ಪು ಏಳಿದ್ದು ನಾನು." ಏನು ಆರೋಗ್ಯ ಎಂದು ಮಂಜುಳಾ ಒಬ್ಬಳಿಗೆ ನಾನೇ ಹೇಳಿದೆ. ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು, ಅದು ನಾನು ಬಯಸಿದ್ದಲ್ಲ. ಒಬ್ಬ ಹುಡುಗಿ ತನ್ನ ಸ್ಟೂಲನ್ನು ಆಚೆ ಮೇಜಿಗೆ ಒಯ್ದಳು. ಮಂಜುಳಾ ಊಟಕ್ಕೆ ಕರೆದಳು. ಕೆಲಸ ಹೋಗಲಿಲ್ಲ.

ಆದರೆ ಇನ್ನೊಂದು ಶುರುವಾಯಿತು. ಗಂಟೆಗೊಮ್ಮೆ ರಂಗಸ್ವಾಮಿಯವರು ಬಂದು "ಆಯಾಸ ಆಯ್ತಾ?" ಎನ್ನುವರು. ಕಷ್ಟದ ಪೀಸುಗಳು ನನ್ನ ಮೇಜಿಗೆ ಬರುವುದು ನಿಂತಿತು. ಎಲ್ಲರ ಮೇಲೂ ರೇಗುವ ಮನುಷ್ಯ ನನ್ನ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸುವರು. ಒಂದು ಮಧ್ಯಾಹ್ನ ಅವರು ಕಂಬದ ಮರೆಯಲ್ಲಿ ಕೂತು, ನಾನು ಅಳೆದು ಸಹಿ ಹಾಕಿದ ಪೀಸುಗಳ ತಟ್ಟೆಯನ್ನು ಮೊದಲಿನಿಂದ ಅಳೆಯುತ್ತಿರುವುದನ್ನು ನೋಡಿದೆ. ಬೊಮ್ಮಸಂದ್ರದಲ್ಲಿ ಆಗಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಕೆಲಸ ಉಳಿದಿತ್ತು, ಆದರೆ ಕೆಲಸ ಬಲ್ಲವಳೆಂಬ ನಂಬಿಕೆ ಹೋಗಿತ್ತು.

ಹತ್ತಿರ ಹೋಗಿ ಹೇಳಿದೆ. "ಸಾರ್, ನಾನು ಕೇಳಿದ್ದು ನೈಟ್ ಶಿಫ್ಟ್ ಬೇಡ ಅಂತ. ಬೈಬೇಡಿ ಅಂತ ಕೇಳಿಲ್ಲ. ತಪ್ಪಿದ್ರೆ ಎಲ್ಲರಿಗೂ ಹೇಳೋ ಹಾಗೆ ನನಗೂ ಹೇಳಿ. ಮೈ ಸರಿ ಇಲ್ದಿದ್ರೆ ನಾನೇ ಹೇಳ್ತೀನಿ."

ಅವರು ಗೇಜನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದರು. ಮಾರನೇ ದಿನದಿಂದ ಕಷ್ಟದ ಪೀಸುಗಳು ಬರತೊಡಗಿದವು.

ಅದಾಗಿ ಎಂಟನೇ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಇಡೀ ಶೆಡ್ಡು ನಡುಗುವಂತೆ ನನ್ನ ಹೆಸರು ಕೇಳಿಸಿತು. ರಂಗಸ್ವಾಮಿಯವರು ಒಂದು ಪೀಸನ್ನು ಎತ್ತಿ ಹಿಡಿದುಕೊಂಡು ನನ್ನತ್ತ ನುಗ್ಗಿ ಬರುತ್ತಿದ್ದರು. "ಕಣ್ಣೇನು ಮನೇಲಿ ಬಿಟ್ಬಂದ್ರಾ? ಈ ಸ್ಕ್ರೂ ಥ್ರೆಡ್ ನೋಡಿ! ಗೇಜ್ ಅರ್ಧಕ್ಕೇ ಕಚ್ಕಂತದೆ, ಸೈನ್ ಬೇರೆ ಆಕಿದೀರಾ! ಇದು ಗಿರಾಕಿ ಕೈಗೆ ಓಗಿದ್ರೆ..."

ಅಲ್ಲಿಗೆ ಅವರ ದನಿ ನಿಂತಿತು. ಲೇತಿನ ಹುಡುಗರು ತಿರುಗಿ ನೋಡುತ್ತಿದ್ದರು. ಎಲ್ಲಿ ಏನು ಆಗಿಬಿಡುತ್ತದೋ ಎಂಬ ಭಯ ಅವರ ಮುಖದ ಮೇಲೆ ಬಂತು.

"ನಿಲ್ಲಿಸ್ಬೇಡಿ ಸಾರ್. ತಪ್ಪು ನಂದೇ" ಎಂದೆ.

ಅವರು ಉಸಿರು ತುಂಬಿಕೊಂಡು ಮೊದಲಿಗಿಂತ ಜೋರಾಗಿ ಕೂಗಿದರು. "ಇಡೀ ತಟ್ಟೆ ಮೊದ್ಲಿಂದ ಅಳೀರಿ! ಊಟಕ್ಕೆ ಮುಂಚೆ ಬೇಕು ನಂಗೆ!"

ಮಂಜುಳಾ ಅರ್ಧ ತಾನು ನೋಡುತ್ತೇನೆ ಎಂದು ಕೈ ಚಾಚಿದಳು. ಬೇಡ ಕಣೇ ಎಂದು ತಟ್ಟೆಯನ್ನು ನನ್ನ ಕಡೆಗೇ ಎಳೆದುಕೊಂಡೆ. ಊಟದ ಬೆಲ್ಲಿಗೆ ಮುಂಚೆ ಇನ್ನೂ ಎರಡು ಕೆಟ್ಟ ಪೀಸು ಸಿಕ್ಕವು. ಎರಡನ್ನೂ ನಾನೇ ಒಯ್ದು ಅವರ ಮೇಜಿನ ಮೇಲಿಟ್ಟು, ಅದಕ್ಕೂ ಬೈಸಿಕೊಂಡು ಬಂದು ಊಟಕ್ಕೆ ಕೂತೆ.